ಗಿರಣಿ ಮನೆಯ ಪಿಸುಮಾತು

“ಅಳಬ್ಯಾಡಲೇ! ಇನ್ನೂ ಸತ್ತಿಲ್ಲ, ಸಾಯಾಕ ಹತ್ತೀನಿ ಅಷ್ಟ!”

ಮಂಚದ ಮೇಲೆ ಅಂಗಾತ ಮಲಗಿದ್ದ ಉಜ್ಜಿನಪ್ಪ ಒಂದೇ ಕಣ್ಣು ತೆರೆದು ಮಗನನ್ನು ಗದರಿದ. ಹಾಲಸ್ವಾಮಿ ಬಾಯಿಗೆ ಒತ್ತಿಕೊಂಡಿದ್ದ ಟುವಾಲು ತೆಗೆದ. ಅವನು ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದ.

“ನಗೂದೂ ಬ್ಯಾಡ,” ಎಂದಳು ನರ್ಸಮ್ಮ ಭೀಮಮ್ಮ. “ಮೊದಲಿಂದ ಮಾಡ್ರಿ.”

ಕಂಪ್ಲಿಯ ಆ ಅಕ್ಕಿಗಿರಣಿ ಮನೆಯಲ್ಲಿ ಸಾವಿನ ತಾಲೀಮು ನಡೆದಿತ್ತು. ಮನೆಯವರ ಪ್ರಕಾರ ಸರದಿ ಉಜ್ಜಿನಪ್ಪನ ತಾಯಿ ಜಂಬವ್ವನದು. ತೊಂಬತ್ತರ ಆಸುಪಾಸಿನ ಮುದುಕಿ. ಸದ್ಯಕ್ಕೆ ಕಂಬಕ್ಕೊರಗಿ ಕೂತು, ಪುಟ್ಟ ಒರಳಲ್ಲಿ ಎಲೆ ಅಡಿಕೆ ಕುಟ್ಟುತ್ತ, ತನ್ನ ಸಾವಿಗೆ ತಯಾರಾಗುತ್ತಿದ್ದವರ ತಪ್ಪು ಹುಡುಕುತ್ತಿದ್ದಳು. ಅಜ್ಜಿಯನ್ನೇ ಮಲಗಿಸಿ ಹೊರಳಿಸಿ ಕಲಿತರೆ ಕಲಿಯುವುದರೊಳಗೆ ಅಜ್ಜಿ ಮುರಿದಾಳೆಂದು, ರೋಗಿಯ ಪಾತ್ರವನ್ನು ಉಜ್ಜಿನಪ್ಪ ತಾನೇ ವಹಿಸಿಕೊಂಡಿದ್ದ.

ಇದಕ್ಕೆಲ್ಲ ಕಾರಣ, ಹೋದ ವರ್ಷ ತೀರಿಕೊಂಡ ಅವನ ತಮ್ಮ. ಮದರಾಸಿನಿಂದ ತರಿಸಿದ ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಮನೆತನ ಅದು. ಅಲ್ಲಿ “ಉಪ್ಪು ಹಾಕು” ಎಂದರೆ ಹೊಳೆಯಾಚೆಯವರು ಉಪ್ಪಿನ ಮಡಕೆ ಹುಡುಕುತ್ತಿದ್ದರು. ತಮ್ಮ ಮಲಗಿದಾಗ ಬಂದವರೆಲ್ಲ ಅವನ ಕಿವಿಗೆ ಬಾಯಿಟ್ಟು, “ನಾ ಯಾರು? ಗುರ್ತು ಸಿಕ್ತೇನು?” ಎಂದು ಅರಚಿದರು. ಕೊನೆಗೆ ಒಬ್ಬೊಬ್ಬರೂ ಬಾಯಿಗೆ ನೀರು ಬಿಟ್ಟರು. ಅವನು ಜ್ವರದಿಂದ ಹೋದನೋ ಮುಳುಗಿ ಹೋದನೋ, ಇವತ್ತಿಗೂ ತೀರ್ಮಾನವಾಗಿಲ್ಲ.

“ಈ ಮನ್ಯಾಗ ಇನ್ನೊಬ್ರು ಹಂಗ ಹೋಗಬಾರ್ದು,” ಎಂದಿದ್ದ ಉಜ್ಜಿನಪ್ಪ. ಗಿರಣಿಯ ಬೆಲ್ಟ್ ತರುತ್ತೇನೆಂದು ಬಳ್ಳಾರಿಯ ಮೋಟಾರು ಹತ್ತಿದವನು, ಬೆಲ್ಟ್ ಬಿಟ್ಟು, ಅಲ್ಲಿಯ ದವಾಖಾನೆಯಲ್ಲಿ ಬಹಳ ಕಾಲ ದುಡಿದಿದ್ದ ಭೀಮಮ್ಮನನ್ನು ಔಷಧಿ ಪೆಟ್ಟಿಗೆ ಸಮೇತ ಕರೆತಂದಿದ್ದ.

ರೋಗಿಯೇನೋ ಸಿಕ್ಕಿದ. ನೋಡಲು ಬರುವವರು? ಆ ಪಾತ್ರಗಳೂ ಉಜ್ಜಿನಪ್ಪನವೇ.

“ಈಗ ಹೊಸಪೇಟಿ ಬೀಗರು ಬಂದ್ರು,” ಎಂದು ಮಲಗಿದಲ್ಲೇ ಮೂಗಿನಿಂದ ರಾಗ ಎಳೆದ: “ಏನ್ರೀ, ಭಾಳ ಇಳದೀರಲ್ಲ! ಕಾಲುವಿ ಹೊಲ ಯಾರ ಹೆಸರಿಗೆ ಮಾಡೀರಿ?”

ಸೊಸೆ ಚೆನ್ನಬಸಮ್ಮ ಥಟ್ಟನೆ ಅಡ್ಡ ಬಂದಳು. “ಬೀಗರ, ಒಳಗ ಬರ್ರಿ. ಚಾ ಆರತೈತಿ.”

“ಶಾಬಾಸ್! ಈಗ ಸಂಡೂರು ಚಿಗವ್ವ.” ಉಜ್ಜಿನಪ್ಪ ಎದೆ ಬಡಿದುಕೊಂಡ. “ಅಯ್ಯಯ್ಯೋ ನನ್ನಪ್ಪಾ, ನಮ್ಮನ್ನ ಬಿಟ್ಟು ಹೊಂಟ್ಯಾ…”

ಅಳು ಅರ್ಧಕ್ಕೇ ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

“ಕೆಮ್ಮು ಮಸ್ತ್ ಬಂತು ಮಾವ! ಖರೇನೇ ಅನಸ್ತು,” ಎಂದು ಚೆನ್ನಬಸಮ್ಮ ಮೆಚ್ಚಿದಳು.

ಜಂಬವ್ವನ ಒರಳು ಕ್ಷಣಕಾಲ ನಿಂತಿತು.

ಚೆನ್ನಬಸಮ್ಮ ಬೇಗ ಕಲಿತಳು. ನೀರು ಸುರಿಯಬಾರದು, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಬೇಕು. ಎಳೆಯಬಾರದು, ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಹೊರಳಿಸಬೇಕು. ತೊಡಕು ಹಾಲಸ್ವಾಮಿಯ ಗಂಟಲಿನದು. ಅವನು “ಅಪ್ಪಾ, ನೀರು ಬೇಕೇನು?” ಎಂದು ಪಿಸುಗುಟ್ಟಿದರೆ ಹಿತ್ತಲಿನ ಎತ್ತು ತಲೆಯೆತ್ತಿ ನೋಡುತ್ತಿತ್ತು.

“ನಿನ್ನ ಪಿಸುಮಾತಿಗೆ ಸತ್ತೋರೂ ಎದ್ದು ಕುಂದರ್ತಾರಲೇ,” ಎಂದಳು ಜಂಬವ್ವ.

“ಒಳ್ಳೇದ ಆತಲ್ಲ ಅಜ್ಜಿ!”

ದಿನ ಕಳೆದಂತೆ ಉಜ್ಜಿನಪ್ಪ ಪಾತ್ರದಲ್ಲಿ ಮುಳುಗಿಹೋದ. “ರೋಗಿ ರೊಟ್ಟಿ ತಿಂತಾನೇನು?” ಎಂದು ಗಂಜಿಗಿಳಿದ. ಕೆನ್ನೆ ಒಳಸೇರಿತು. ಪಾಠ ಮುಗಿದ ಮೇಲೂ ಮಂಚ ಬಿಟ್ಟೇಳುವುದನ್ನು ನಿಲ್ಲಿಸಿದ. ಮನೆಯವರಿಗೆ ಆಶ್ಚರ್ಯವಾಗಲಿಲ್ಲ. ಪ್ರಾಯದಲ್ಲಿ ಬಯಲಾಟದ ರಾಕ್ಷಸನಾಗಿ ಒಂದು ಬಾಣಕ್ಕೆ ಬಿದ್ದವನು ಬೆಳಕು ಹರಿಯುವವರೆಗೂ ಸಾಯದೆ ಸತಾಯಿಸಿದ್ದ ಆಸಾಮಿ. ಭೀಮಮ್ಮ ಹೊತ್ತುಹೊತ್ತಿಗೆ ಅವನ ನಾಡಿ ಹಿಡಿಯುತ್ತಿದ್ದಳು, ಸೀಸೆಯಿಂದ ಹನಿ ಎಣಿಸಿ ಕುಡಿಸುತ್ತಿದ್ದಳು. “ಔಷಧಿ ಕುಡಿಸೂದೂ ಪಾಠದಾಗ ಐತಿ,” ಎನ್ನುತ್ತಿದ್ದಳು.

“ಅಜ್ಜಿ, ನೀವೂ ಒಂದ್ಸಲ ಮಲಗಿ ನೋಡ್ರಿ, ಹಾಸಿಗಿ ಮೆತ್ತಗೈತೋ ಇಲ್ಲೋ,” ಎಂದು ಚೆನ್ನಬಸಮ್ಮ ಕರೆದಳು.

“ನನ್ನ ಸರದಿ ಬಂದಾಗ ನೋಡೂನು ಬಿಡವ್ವ.” ಜಂಬವ್ವ ಮುಖ ತಿರುಗಿಸಿದಳು.

ಪಾಪ, ಸಾವಿಗೆ ಹೆದರ್ಯಾಳ ಎಂದುಕೊಂಡಳು ಚೆನ್ನಬಸಮ್ಮ.

ಪರೀಕ್ಷೆಯ ದಿನ ಭೀಮಮ್ಮ ಏನೂ ಹೇಳಿಕೊಡದೆ ಮೂಲೆಯಲ್ಲಿ ನಿಂತಳು. ಹಾಲಸ್ವಾಮಿ ತಾನಾಗಿಯೇ ಗಿರಣಿಯ ಎಂಜಿನ್ ನಿಲ್ಲಿಸಿ ಬಂದ. ಚೆನ್ನಬಸಮ್ಮ ಒದ್ದೆ ಬಟ್ಟೆಯಿಂದ ಮಾವನ ತುಟಿ ಒರೆಸಿದಳು. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಮಂಚ ಕಿರ್ ಎನ್ನಲಿಲ್ಲ. ಹಾಲಸ್ವಾಮಿ ಅಪ್ಪನ ಕೈ ಹಿಡಿದು ಕೂತ. ಗುರ್ತು ಸಿಕ್ತೇನು ಎಂದು ಕೇಳಲಿಲ್ಲ.

“ಅಪ್ಪಾ, ನಾ ಹಾಲಸ್ವಾಮಿ. ಇಲ್ಲೇ ಕುಂತೀನಿ.”

ಹಿತ್ತಲಿನ ಎತ್ತು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು.

“ಪಾಸು,” ಎಂದು ಉಜ್ಜಿನಪ್ಪ ನಕ್ಕ. ದನಿ ಮಗನದಕ್ಕಿಂತಲೂ ಸಣ್ಣದಾಗಿತ್ತು.

ಹಾಲಸ್ವಾಮಿ ಕುಸ್ತಿ ಗೆದ್ದವನಂತೆ ಎದ್ದು ನಿಂತ. “ಹಂಗಾದ್ರ ಏಳಪ್ಪಾ. ಹಾಸಿಗಿ ಕೊಡವಿ ಇಡ್ತೀವಿ. ಇನ್ನ ಅಜ್ಜಿ ಯಾವಾಗ ಬೇಕಾದ್ರೂ ಮಲಗಬಹುದು.”

ಉಜ್ಜಿನಪ್ಪ ಏಳಲಿಲ್ಲ. ಭೀಮಮ್ಮ ಪೆಟ್ಟಿಗೆ ಕಟ್ಟಲಿಲ್ಲ. ಜಂಬವ್ವ ಒರಳನ್ನು ಪಕ್ಕಕ್ಕಿಟ್ಟು ಬಂದು, ಮಗನ ಕಾಲಿನ ಮೇಲೆ ದುಪ್ಪಟಿ ಎಳೆದಳು.

“ಸರದಿ ಅವಂದ ಐತಿ, ಮಂಚ ಬಿಡಿಸಬ್ಯಾಡ್ರಿ. ಅಪ್ಪಗಂತ ಅಂದ್ರ ಅಳಕೋಂತ ಕುಂದರ್ತೀರಿ, ಮುದುಕಿಗಂತ ಅಂದ್ರ ಕಲೀತೀರಿ ಅಂತ, ಈ ಸುಳ್ಳು ಹೂಡಿದಾಕಿ ನಾನ.”