ಪೋಸ್ಟರಿನ ತಾಯಿ

ಸೈನಿಕರ ಅಂಗಿ ಹೊಲಿಯುವ ಕಾರ್ಖಾನೆಯ ಬಾಗಿಲಿಗೆ ಸರ್ಕಾರದ ಇಬ್ಬರು ಆಳುಗಳು ಬಕೆಟ್ಟಿನಿಂದ ಅಂಟು ಬಳಿದು ಹೊಸ ಪೋಸ್ಟರ್ ಹಚ್ಚಿದರು. ‘ನನ್ನ ಮಗ ಗಡಿಯಲ್ಲಿದ್ದಾನೆ. ನೀವು ಯುದ್ಧದ ಬಾಂಡ್ ಕೊಳ್ಳಿ’ ಎಂದು ದಪ್ಪಕ್ಷರ. ಮೇಲಿದ್ದ ಮುಖ ಕಂಡು ಕತ್ತರಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಮೊನ್ನೆ ಮೊನ್ನೆ ಪರವೂರಿನಿಂದ ಬಂದು ಗುಂಡಿಗೆ ಕಾಜಾ ಹೊಲಿಯುವ ಕೆಲಸಕ್ಕೆ ಸೇರಿದ ಕಾಜಾದವಳು! ಅವಳಿಗೆ ಮಗನ ಮಾತು ಹಾಗಿರಲಿ, ನಲವತ್ತು ದಾಟಿದರೂ ಮದುವೆಯೇ ಆಗಿಲ್ಲ.

ಗಡಿಯಲ್ಲಿ ಮಗನಿರುವುದು ಬಟ್ಟೆ ಕತ್ತರಿಸುವ ಕತ್ತರಿಯಕ್ಕನಿಗೆ. ಇರುವವನು ಅವನೊಬ್ಬನೇ. ಪೋಸ್ಟರಿಗೆ ಫೋಟೋ ತೆಗೆಯುವವನು ಬಂದ ದಿನ ಅವಳೂ ತಲೆ ಬಾಚಿಕೊಂಡು ಮುಂದೆ ನಿಂತಿದ್ದಳು.

“ನೀವು ಬೇಡಮ್ಮ. ಯಾರ ಮೇಲೋ ಸಿಟ್ಟಾದ ಹಾಗೆ ಕಾಣ್ತೀರಿ. ಇದನ್ನ ನೋಡಿ ಜನ ಸರ್ಕಾರಕ್ಕೆ ಸಾಲ ಕೊಡ್ಬೇಕು” ಎಂದು ಅವನು ಹಿಂದಿನ ಸಾಲಿನಿಂದ ಕಾಜಾದವಳನ್ನು ಕರೆದಿದ್ದ.

ಈಗ ಊರಿಗೆ ಊರೇ ಅವಳಿಗೆ ಮರುಳಾಯಿತು. ಹಾಲಿನವನು ಅರ್ಧ ಲೋಟ ಹೆಚ್ಚು ಸುರಿದ. ಬ್ಯಾಂಕಿನವರು ಕುರ್ಚಿ ಹಾಕಿದರು. “ಮಗ ಹೇಗಿದಾನಮ್ಮ?” ಎಂದವರಿಗೆ ಆ ಪುಣ್ಯಾತ್ಗಿತ್ತಿ “ಚೆನ್ನಾಗಿದಾನೆ” ಎನ್ನುವುದನ್ನೂ ಕಲಿತಳು! ಕತ್ತರಿಯಕ್ಕನಿಗೆ ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಆ ವಾರ ಅವಳು ಕತ್ತರಿಸಿದ ತೋಳುಗಳೆಲ್ಲ ಗಿಡ್ಡವಾದವು.

ಮೂರು ತಿಂಗಳ ಮೇಲೆ ಮಗನ ಕಾಗದ ಬಂತು. ನಿಜವಾದ ತಾಯಿ ಯಾರೆಂದು ಎಲ್ಲರಿಗೂ ತಿಳಿಯಲಿ ಎಂದು ಊಟದ ಹೊತ್ತಿನಲ್ಲಿ ಅವಳು ಬೇಕೆಂದೇ ಗಟ್ಟಿಯಾಗಿ ಓದಿದಳು.

“ಅಮ್ಮಾ, ನಾನು ಕ್ಷೇಮ. ಈ ತಿಂಗಳು ದುಡ್ಡು ಕಳಿಸ್ತಿಲ್ಲ, ಬೇಜಾರು ಮಾಡ್ಕೋಬೇಡ. ನಮ್ಮ ಡೇರೆಯಲ್ಲಿ ಒಂದು ಪೋಸ್ಟರ್ ಇದೆ. ಅದರಲ್ಲಿರೋ ತಾಯಿಯ ಮುಖ ನೋಡಿ ತಡೀಲಾರದೆ ಸಂಬಳ ಪೂರ್ತಿ ಬಾಂಡಿಗೆ ಹಾಕ್ಬಿಟ್ಟೆ. ನಿಂಗೆ ಹೇಳ್ತಿದ್ದ ಹಾಗೇ ದಿನಾ ಅವರಿಗೆ ‘ಮಲಗ್ತೀನಮ್ಮಾ’ ಅಂತ ಹೇಳಿ…”

ಓದು ಅಲ್ಲಿಗೇ ನಿಂತಿತು. ಕಾಜಾದವಳು ತಟ್ಟೆ ಬಿಟ್ಟು ಎದ್ದು ಬಂದಳು. “ಅಕ್ಕಾ, ನನ್ನಾಣೆ, ಹೀಗಾಗತ್ತೆ ಅಂತ ನಂಗೊತ್ತಿರ್ಲಿಲ್ಲ.”

“ಮುಟ್ಬೇಡ ನನ್ನ.” ಕತ್ತರಿಯಕ್ಕ ಕಾಗದ ಮಡಚಿ ರವಿಕೆಯೊಳಗೆ ಸಿಕ್ಕಿಸಿದಳು. ಬಾಗಿಲಿನ ಪೋಸ್ಟರ್ ಕಡೆ ತಿರುಗಿದಳು. “ಮುಖ ನಿಂದು. ಮಗ ನನ್ನೋನು. ದುಡ್ಡೂ ಅವನದೇ. ಹಾಗಾದ್ರೆ ಈ ಯುದ್ಧಕ್ಕೆ ಸರ್ಕಾರ ಹಾಕಿದ್ದೇನೇ?”

ಕಾಜಾದವಳೂ ಪೋಸ್ಟರ್ ನೋಡಿದಳು.

“ಅಂಟು, ಅಕ್ಕಾ.”