ನೂರಿ ಹತ್ತದ ಗಾಡಿ

"ಏನ್ ದಸ್ತಗೀರಣ್ಣ, ಮಗಳ ಮದುವೆಗೆ ಚಪ್ಪರ ಹಾಕಿಸ್ತಿದ್ದೀಯೋ ಹೆಂಗೆ?" ವೆಲ್ಡರ್ ಚಿಕ್ಕೀರ ನಕ್ಕ.

ಕುದುರೆ ಸಾಗಿಸುವ ಆ ಹಳೇ ಟ್ರೇಲರಿಗೆ ಹೊಸ ಹಲಗೆ, ಗೋಡೆಗೆಲ್ಲ ರಬ್ಬರು, ಗಾಳಿಗೊಂದು ಕಿಟಕಿ, ಎಲ್ಲವನ್ನೂ ಲಾಯದ ದಸ್ತಗೀರನೇ ನಿಂತು ಮಾಡಿಸಿದ್ದ. ಅವನು ಮರಿಯಿಂದ ಸಾಕಿದ ಹೆಣ್ಣುಕುದುರೆ ನೂರಿಯನ್ನು ಧಣಿ ಮಾರಿಬಿಟ್ಟಿದ್ದರು.

"ಕಳಿಸೋಕೆ ಮನಸ್ಸಿಲ್ಲ ಅಂತೀಯ, ಮತ್ತ್ಯಾಕಣ್ಣ ಈ ಉಪಚಾರ?"

"ಅವಳು ಹತ್ತಿದ್ರೆ ತಾನೇ! ಗಾಡಿ ಕಂಡ್ರೆ ಒದೀತಾಳೆ. ಒದೆಯುವಾಗ ಅವಳಿಗೇ ಪೆಟ್ಟಾಗಬಾರ್ದು, ಅಷ್ಟೆ."

ಮರುದಿನ ಅವನಂದಂತೆಯೇ ಆಯಿತು. ಕೊಂಡವರ ಕಡೆಯವರು ಎಳೆದರು, ನೂಕಿದರು, ಬೆಲ್ಲ ತೋರಿಸಿ ಪುಸಲಾಯಿಸಿದರು. ನೂರಿ ಕಾಲೂರಿ ನಿಂತೇಬಿಟ್ಟಳು.

"ಬೇಡ ಬಿಡಿ ಸ್ವಾಮಿ, ಈ ಮೊಂಡಿ ನಮಗಾಗಲ್ಲ," ಎಂದು ಅವರು ಹಗ್ಗ ಕೈಬಿಟ್ಟರು.

ಧಣಿ ನಿಟ್ಟುಸಿರಿಟ್ಟರು. "ದಸ್ತಗೀರಾ, ಒಳಗಿರೋ ಅವಳ ಹುಲ್ಲಿನ ಮೂಟೆ ಇಳಿಸ್ಕೊಳ್ಳೋ."

"ಈಗ್ಲೇ ಬುದ್ಧಿ!"

ನಗು ತಡೆಯಲಾರದೆ ದಸ್ತಗೀರ ಒಂದೇ ನೆಗೆತಕ್ಕೆ ಟ್ರೇಲರ್ ಹತ್ತಿದ. ಮೂಟೆಗೆ ಕೈ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಗೊರಸಿನ ಸದ್ದಾಯಿತು. ನೂರಿ ತಾನಾಗಿಯೇ ಹತ್ತಿಬಂದು ಅವನ ಹೆಗಲಿಗೆ ಮೂತಿ ಒರಗಿಸಿದಳು.