ಹಾಜರಿ ಪುಸ್ತಕದ ಹದಿನೆಂಟು ಹೆಸರು

“ಈ ಪುಟ ತೆಗೆದುಬಿಡಿ,” ಎಂದರು ಗಿರಣಿಯ ಮ್ಯಾನೇಜರು.

“ಆಗಲ್ಲ ಸರ್.”

ಅವಳು ಎಂ.ಎ. ಇತಿಹಾಸದ ವಿದ್ಯಾರ್ಥಿನಿ. ಬಟ್ಟೆ ಗಿರಣಿಗೆ ನೂರು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯಲು ವಿಶ್ವವಿದ್ಯಾಲಯ ಅವಳನ್ನು ಕಳಿಸಿತ್ತು. ಬರೆದದ್ದು ಒಪ್ಪಿಗೆಯಾದರೆ ಗಿರಣಿಯ ದಾಖಲೆ ಕೋಣೆಯಲ್ಲೇ ಕಾಯಂ ಕೆಲಸ. “ಇತಿಹಾಸ ಓದಿ ಯಾವ ರಾಜ್ಯ ಆಳ್ತೀಯೇ?” ಎಂದು ಸೋದರಮಾವ ಕಾಲೆಳೆದಾಗಲೆಲ್ಲ ಅಮ್ಮ ಈ ಕೆಲಸದ ಮಾತೆತ್ತಿ ತಮ್ಮನ ಬಾಯಿ ಮುಚ್ಚಿಸುತ್ತಿದ್ದಳು.

ಐವತ್ತು ವರ್ಷಗಳ ಹಿಂದೆ ಗಿರಣಿಗೆ ಬೆಂಕಿ ಬಿದ್ದಿತ್ತು. ಯಾರೂ ಸಾಯಲಿಲ್ಲ ಎನ್ನುತ್ತಿತ್ತು ಕಂಪನಿಯ ವರದಿ. ಆದರೆ ಹಳೆಯ ಹಾಜರಿ ಪುಸ್ತಕದಲ್ಲಿ, ಆ ಬೆಳಿಗ್ಗೆ ಒಳಗೆ ಹೋದ ಹದಿನೆಂಟು ಜನರ ಹೆಸರಿನ ಮುಂದೆ ಮರುದಿನದಿಂದ ಚೌಕಗಳೆಲ್ಲ ಖಾಲಿ. ಅವಳು ಊರಿನ ಮರಣ ನೋಂದಣಿ ತೆಗೆಸಿದಳು. ಅದೇ ಹದಿನೆಂಟು ಹೆಸರು. ಕಾರಣ: ಜ್ವರ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ತನ್ನ ಕಡತಕ್ಕೆ ಸೇರಿಸಿದ್ದಳು.

“ಜ್ವರ ಅಂತ ಬರೆದಿದೆಯಲ್ಲ,” ಎಂದರು ಮ್ಯಾನೇಜರು. “ಮನೆಯವರೂ ಒಪ್ಕೊಂಡು ಹೆಬ್ಬೆಟ್ಟು ಒತ್ತಿದ್ರು.”

“ಹದಿನೆಂಟು ಜನಕ್ಕೂ ಒಂದೇ ದಿನ ಜ್ವರ ಬಂತಾ ಸರ್?”

ಅವರು ಡ್ರಾಯರಿನಿಂದ ನೇಮಕಾತಿ ಪತ್ರ ತೆಗೆದು ಅವಳ ಮುಂದೆ ತಳ್ಳಿದರು. “ನನ್ನ ಸಹಿ ಒಂದೇ ಬಾಕಿ. ರಿಟೈರಾಗೋಕೆ ಇನ್ನು ಹತ್ತು ದಿನ ಇದೆ. ನಿಮಗಿಂತ ಮುಂಚೆ ಬರೆಯೋಕೆ ಬಂದಿದ್ದ ಇಬ್ರಿಗೂ ಇದೇ ಮಾತು ಹೇಳಿದ್ದೆ. ಬುದ್ಧಿವಂತರು, ಪುಟ ತೆಗೆದ್ರು.”

ಅವಳು ಪತ್ರದಲ್ಲಿದ್ದ ತನ್ನ ಹೆಸರು ಓದಿದಳು. ಮಾವನ ನಗು ಕಣ್ಣೆದುರು ಬಂತು. ಆದರೂ ಪತ್ರವನ್ನು ವಾಪಸು ತಳ್ಳಿದಳು.

“ನಿಮ್ಮ ಪುಸ್ತಕ ನೀವೇ ಬರ್ಕೊಳ್ಳಿ. ಇದನ್ನ ನಾನು ಬೇರೆ ಕಡೆ ಅಚ್ಚು ಹಾಕಿಸ್ತೀನಿ.”

“ಮಾಲೀಕರು ಕೋರ್ಟಿಗೆ ಎಳೀತಾರೆ.”

“ಎಳೀಲಿ. ಅಲ್ಲೂ ನಿಂತು ಹದಿನೆಂಟು ಹೆಸರೂ ಓದ್ತೀನಿ.”

ಮ್ಯಾನೇಜರು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು. ಅವಳು ಕಡತವನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಕಿತ್ತುಕೊಳ್ಳಲು ಬಂದರೆ ಕೂಗುವುದೇ ಎಂದು ನಿರ್ಧರಿಸಿದಳು.

ಅವರು ಹತ್ತಿರ ಬರಲಿಲ್ಲ. ಬಾಗಿಲಿಗೇ ಒರಗಿ ನಿಂತು ಕನ್ನಡಕ ತೆಗೆದರು. ಮಾತಾಡಿದಾಗ ದನಿ ಬೇರೆಯಾಗಿತ್ತು.

“ನಾನೇ ಹೇಳಿದ್ರೆ ಮನೆಯವರ ಗೋಳು ಅಂತ ತಳ್ಳಿಹಾಕ್ತಾರೆ. ಹೆದರದೆ ಬರೆಯೋರು ಒಬ್ರು ಬೇಕಿತ್ತು. ಸಾಕ್ಷಿಗೆ ನಾನು ಬರ್ತೀನಿ. ಓದುವಾಗ ಏಳನೇ ಹೆಸರು ಸ್ವಲ್ಪ ಗಟ್ಟಿಯಾಗಿ ಓದಮ್ಮ. ಅದು ನಮ್ಮಪ್ಪಂದು.”